ಕಾರ್ಖಾನೆಯ ಸಾವಯವ ಕೆಸರು: ಅನಿಲವೆಷ್ಟು, ಗೊಬ್ಬರವೆಷ್ಟು, ಅಪಾಯವೆಷ್ಟು?



ಒಂದು ದಿನ ನಿಮ್ಮ ಹೊಲದ ಬದಿಗೆ ಟ್ರಾಕ್ಟರ್ ಒಂದು ಬಂದು ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಅದರ ಹಿಂದಿನ ಟ್ಯಾಂಕಿನಲ್ಲಿ ಕಪ್ಪನೆಯ, ಹುಳಿ ನಾತದ ರಾಡಿ ತುಂಬಿರುತ್ತದೆ. “ಇದು ಕಾರ್ಖಾನೆಯ ಸಾವಯವ ಗೊಬ್ಬರ. ಪುಕ್ಕಟೆ ಕೊಡುತ್ತೇವೆ. ಗೋಬರ್ ಅನಿಲದ ಗುಂಡಿಗೂ ಹಾಕಬಹುದು, ತೆಂಗಿನ ಪಾತಿಗೂ ಹಾಕಬಹುದು” ಎಂದು ತಂದವರು ಹೇಳುತ್ತಾರೆ. ಹಾಕಿಸಿಕೊಳ್ಳಬೇಕೇ, ಬೇಡವೇ? ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದೆಂಬುದು ಲೋಕರೂಢಿ. ಆದರೆ ಈ ದಾನದ ವಿಷಯದಲ್ಲಿ ಹಲ್ಲನ್ನು ಎಣಿಸಿಯೇ ನೋಡಬೇಕು. ಹೇಗೆ ನೋಡಬೇಕೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ತುಮಕೂರು ನಗರದ ಸುತ್ತ ಹಿರೇಹಳ್ಳಿ, ಅಂತರಸನಹಳ್ಳಿ ಮತ್ತು ವಸಂತನರಸಾಪುರ ಕೈಗಾರಿಕಾ ಪ್ರದೇಶಗಳಿವೆ. ವಸಂತನರಸಾಪುರದಲ್ಲಿ 2014ರಲ್ಲಿ ಆಹಾರ ಪಾರ್ಕ್ ಉದ್ಘಾಟನೆಯಾಯಿತು. ಗುಬ್ಬಿ ರಸ್ತೆಯ ಮಲ್ಲಸಂದ್ರದಲ್ಲಿ ಹಾಲು ಒಕ್ಕೂಟದ ಡೇರಿ ಇದೆ. ಕುಣಿಗಲ್ ತಾಲ್ಲೂಕಿನ ಅಂಚೇಪಾಳ್ಯದಲ್ಲೂ ಕಾರ್ಖಾನೆಗಳು ಬಂದಿವೆ. ಹಾಲು, ಹಣ್ಣು, ತರಕಾರಿ, ಎಣ್ಣೆ, ಧಾನ್ಯ, ಹೀಗೆ ಯಾವುದನ್ನು ಸಂಸ್ಕರಿಸಿದರೂ ಕೊಳೆನೀರು ಬಂದೇ ಬರುತ್ತದೆ. ಆ ನೀರನ್ನು ಶುದ್ಧಿ ಮಾಡಿದಾಗ ತಳದಲ್ಲಿ ನಿಲ್ಲುವುದೇ ಕೆಸರು. ಕಾರ್ಖಾನೆಯವರು ಇದನ್ನು ಸ್ಲಡ್ಜ್ ಎನ್ನುತ್ತಾರೆ. ಇದರಲ್ಲಿ ಕೊಳೆಯುವ ಪದಾರ್ಥವಿದ್ದರೆ ಅನಿಲ ಬರುತ್ತದೆ, ಅನಿಲ ಬಂದ ಮೇಲೆ ಗೊಬ್ಬರವೂ ಉಳಿಯುತ್ತದೆ. ಇಷ್ಟು ನಿಜ. ಆದರೆ ಗೊಬ್ಬರದ ಜೊತೆಗೆ ಇನ್ನೇನು ಉಳಿಯುತ್ತದೆ ಎಂಬುದನ್ನೂ ತಿಳಿದಿರಬೇಕು.

ಅನಿಲ ಹುಟ್ಟುವ ಬಗೆ

ಅನಿಲ ಸ್ಥಾವರದ ಗುಂಡಿಯನ್ನು ಹಸುವಿನ ಹೊಟ್ಟೆಗೆ ಹೋಲಿಸಬಹುದು. ಗಾಳಿಯಾಡದ ಗುಂಡಿಯಲ್ಲಿ ಒಂದು ಗುಂಪಿನ ಸೂಕ್ಷ್ಮಾಣುಗಳು ಹಿಟ್ಟು, ಕೊಬ್ಬು ಮತ್ತು ಸಸಾರಜನಕವನ್ನು ಒಡೆದು ಹುಳಿಯನ್ನಾಗಿ ಮಾಡುತ್ತವೆ. ಇನ್ನೊಂದು ಗುಂಪು ಈ ಹುಳಿಯನ್ನು ತಿಂದು ಮೀಥೇನ್ ಅನಿಲವನ್ನು ಹೊರಬಿಡುತ್ತದೆ. ಮೊದಲನೆಯ ಗುಂಪು ಚುರುಕು, ಎರಡನೆಯದು ನಿಧಾನ. ಹುಳಿ ಮಾಡುವವರ ವೇಗಕ್ಕೆ ಹುಳಿ ತಿನ್ನುವವರು ಸರಿದೂಗದಿದ್ದರೆ ಗುಂಡಿ ಹುಳಿಯಾಗಿ ಅನಿಲ ನಿಂತುಹೋಗುತ್ತದೆ. ಗುಂಡಿಯ ರಸಸಾರ 6.8ರಿಂದ 7.5ರವರೆಗೆ ಇರಬೇಕು. 30ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಉತ್ತಮ. ಇಂಗಾಲ ಮತ್ತು ಸಾರಜನಕದ ಪ್ರಮಾಣ 20ರಿಂದ 30ಕ್ಕೆ 1 ಇದ್ದರೆ ಒಳ್ಳೆಯದು. ಸಗಣಿಯಲ್ಲಿ ಇವೆಲ್ಲವೂ ಸಹಜವಾಗಿಯೇ ಹೊಂದಿಕೊಂಡಿರುತ್ತವೆ, ಜೊತೆಗೆ ಬೇಕಾದ ಸೂಕ್ಷ್ಮಾಣುಗಳೂ ಇರುತ್ತವೆ. ಆದ್ದರಿಂದಲೇ ಸಗಣಿಯ ಸ್ಥಾವರ ಸುಲಭವಾಗಿ ಕೆಡುವುದಿಲ್ಲ.

ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 36ರಿಂದ 40 ಲೀಟರ್ ಅನಿಲ ದೊರೆಯುತ್ತದೆ. 2 ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ, ಅಂದರೆ ನಾಲ್ಕೈದು ದನಗಳ ಸಗಣಿ ಬೇಕು. ಒಂದು ಘನ ಮೀಟರ್ ಅನಿಲವು ಸುಮಾರು 0.43 ಕಿಲೋ ಸಿಲಿಂಡರ್ ಅನಿಲಕ್ಕೆ ಅಥವಾ 3.5 ಕಿಲೋ ಸೌದೆಗೆ ಸಮ. ಈ ಲೆಕ್ಕದಂತೆ 2 ಘನ ಮೀಟರ್ ಸ್ಥಾವರ ಚೆನ್ನಾಗಿ ನಡೆದರೆ ತಿಂಗಳಿಗೆ ಎರಡು ಸಿಲಿಂಡರಿಗೆ ಸ್ವಲ್ಪ ಕಡಿಮೆ ಅನಿಲ ಸಿಗುತ್ತದೆ.

ಪುರ ಗ್ರಾಮದ ಪಾಠ

ಕೆಸರಿನ ವಿಚಾರಕ್ಕೆ ಹೋಗುವ ಮೊದಲು ನಮ್ಮ ಜಿಲ್ಲೆಯಲ್ಲಿಯೇ ನಡೆದ ಒಂದು ಪ್ರಯೋಗವನ್ನು ನೆನೆಯುವುದು ಅಗತ್ಯ. ಅದು ಸಗಣಿಯಿಂದ ನಡೆದ ಪ್ರಯೋಗವಾದರೂ, ಊರಿನ ಸ್ಥಾವರಕ್ಕೆ ಯಾವುದೇ ಪದಾರ್ಥವನ್ನು ತರುವವರಿಗೆ ಅದರಲ್ಲಿ ಪಾಠವಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಕೇಂದ್ರ ಪ್ರಾರಂಭವಾಯಿತು. ಅಸ್ತ್ರ ಒಲೆಯ ಮೂಲಕ ಈ ಹೆಸರು ನಿಮ್ಮಲ್ಲಿ ಹಲವರಿಗೆ ಪರಿಚಿತವೇ. ಈ ಕೇಂದ್ರವು ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ತನ್ನ ವಿಸ್ತರಣಾ ಕೇಂದ್ರವನ್ನು ತೆರೆದು, ಹತ್ತಿರದ ಪುರ ಗ್ರಾಮದಲ್ಲಿ ಸಮುದಾಯ ಅನಿಲ ಸ್ಥಾವರವನ್ನು ಕಟ್ಟಿತು. ಊರಿನ ಎಲ್ಲ ಮನೆಗಳಿಗೂ ಅಡುಗೆ ಅನಿಲ ಒದಗಿಸುವುದು ಮೊದಲ ಉದ್ದೇಶವಾಗಿತ್ತು. ಆದರೆ ಊರಿನಲ್ಲಿ ದೊರೆಯುತ್ತಿದ್ದ ಸಗಣಿಯಿಂದ ಎಲ್ಲರ ಒಲೆಗೆ ಸಾಲುವಷ್ಟು ಅನಿಲ ಬರಲಿಲ್ಲ. ಆ ಬಳಿಕ ಗ್ರಾಮಸ್ಥರು ಕೂಡಿ ಯೋಚಿಸಿ ದಾರಿ ಬದಲಿಸಿದರು. 1987ರಿಂದ ಅದೇ ಅನಿಲದಿಂದ 7 ಅಶ್ವಶಕ್ತಿಯ ಡೀಸೆಲ್ ಎಂಜಿನ್ ನಡೆಸಿ ವಿದ್ಯುತ್ ತಯಾರಿಸಿ, ಕೊಳವೆ ಬಾವಿಯ ನೀರನ್ನು ಮೇಲೆತ್ತಿ ನಲ್ಲಿಗಳಿಗೆ ಬಿಟ್ಟರು. ಮನೆಗಳಿಗೆ ದೀಪವನ್ನೂ ಕೊಟ್ಟರು.

ಆಗ ಪುರದಲ್ಲಿ ಇದ್ದ ಜಾನುವಾರುಗಳು ಸುಮಾರು 240. ಅವುಗಳ ಸಗಣಿ ದಿನಕ್ಕೆ ಸುಮಾರು ಒಂದೂಕಾಲು ಟನ್. ಅದರಿಂದ ನಿರೀಕ್ಷಿಸಿದ ಅನಿಲ ದಿನಕ್ಕೆ 42.5 ಘನ ಮೀಟರ್. ಸಗಣಿ ತಂದವರಿಗೆ ಕಿಲೋಗೆ ಎರಡು ಪೈಸೆ ಕೂಲಿ ಸಿಗುತ್ತಿತ್ತು. ಅನಿಲ ತೆಗೆದ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಸೋಸಿ, ಗಟ್ಟಿಯಾದ ಭಾಗವನ್ನು ಸಗಣಿ ಕೊಟ್ಟವರಿಗೇ ಗೊಬ್ಬರವಾಗಿ ಹಿಂದಿರುಗಿಸಲಾಗುತ್ತಿತ್ತು. ನಡೆಸುವ ಕೆಲಸವನ್ನು ಊರಿನ ಯುವಕರೇ ಕಲಿತರು. ಈ ವ್ಯವಸ್ಥೆ ಇಂದು ಚಾಲ್ತಿಯಲ್ಲಿಲ್ಲ. ಆದರೂ ಅದು ಕಲಿಸಿದ ಮೂರು ಮಾತುಗಳು ಹಳತಾಗಿಲ್ಲ.

ಮೊದಲನೆಯದು, ಗುಂಡಿಯ ಗಾತ್ರಕ್ಕಿಂತ ದಿನನಿತ್ಯ ಬರುವ ಪದಾರ್ಥದ ಲೆಕ್ಕವೇ ಮುಖ್ಯ. ಎರಡನೆಯದು, ಅನಿಲ ಎಷ್ಟು ಬರುತ್ತದೆ ಎಂದು ನೋಡಿ ಅದರ ಉಪಯೋಗವನ್ನು ನಿರ್ಧರಿಸಬೇಕು. ಮೂರನೆಯದು, ಬಗ್ಗಡ ಹಿಂದಿರುಗಿ ಹೊಲಕ್ಕೆ ಬರುವುದೆಂಬ ನಂಬಿಕೆ ಇದ್ದರೆ ಮಾತ್ರ ರೈತ ತನ್ನ ಸಗಣಿಯನ್ನು ಕೊಡುತ್ತಾನೆ. ಪುರದಲ್ಲಿ ಈ ನಂಬಿಕೆಗೆ ಅಡ್ಡಿ ಇರಲಿಲ್ಲ, ಏಕೆಂದರೆ ಗುಂಡಿಗೆ ಹೋದದ್ದೇನೆಂದು ಎಲ್ಲರಿಗೂ ಗೊತ್ತಿತ್ತು. ಕಾರ್ಖಾನೆಯ ಕೆಸರು ಬಂದಾಗ ಕೆಡುವುದು ಈ ಮೂರನೆಯ ಮಾತೇ.

ಯಾವ ಕೆಸರಿನಲ್ಲಿ ಎಷ್ಟು ಸಾರ?

ಎಲ್ಲ ಕೆಸರೂ ಒಂದೇ ಅಲ್ಲ. ಒಂದು ಕಿಲೋ ಒಣ ಕೊಬ್ಬಿನಿಂದ ಸುಮಾರು 1.4 ಘನ ಮೀಟರ್, ಒಂದು ಕಿಲೋ ಹಿಟ್ಟಿನ ಪದಾರ್ಥದಿಂದ ಸುಮಾರು 0.8 ಘನ ಮೀಟರ್ ಮತ್ತು ಒಂದು ಕಿಲೋ ಸಸಾರಜನಕದಿಂದ ಸುಮಾರು 0.7 ಘನ ಮೀಟರ್ ಅನಿಲ ಬರಬಹುದು. ಸಗಣಿ ಎಂಬುದು ದನದ ಹೊಟ್ಟೆಯಲ್ಲಿ ಒಮ್ಮೆ ಜೀರ್ಣವಾದ ಪದಾರ್ಥ. ಕಾರ್ಖಾನೆಯ ಹಿಟ್ಟು, ಕೊಬ್ಬು ಜೀರ್ಣವಾಗದೆ ಉಳಿದವು. ಆದ್ದರಿಂದ ಅವುಗಳಲ್ಲಿ ಅನಿಲ ಹೆಚ್ಚು.

ಡೇರಿಗಳ ಕೆಸರಿನಲ್ಲಿ ಎರಡು ಬಗೆ. ನೀರಿನ ಮೇಲೆ ತೇಲಿದ ಜಿಡ್ಡನ್ನು ಬೇರ್ಪಡಿಸಿದ ಕೆಸರಿನಲ್ಲಿ ಕೊಬ್ಬು ಹೆಚ್ಚು, ಅನಿಲವೂ ಹೆಚ್ಚು. ಗಾಳಿ ಊದಿ ಶುದ್ಧಿ ಮಾಡುವ ತೊಟ್ಟಿಯ ಕೆಸರು ಮುಖ್ಯವಾಗಿ ಸೂಕ್ಷ್ಮಾಣುಗಳ ರಾಶಿ. ಸಾರವನ್ನು ಅವು ಆಗಲೇ ತಿಂದಿರುವುದರಿಂದ ಅನಿಲ ಕಡಿಮೆ. ಪನ್ನೀರು ತೆಗೆದ ಮೇಲೆ ಉಳಿಯುವ ತಿಳಿನೀರು ಮೂರನೆಯ ಬಗೆ. ಇಂತಹ 1,000 ಲೀಟರ್ ನೀರಿನ ಆಮ್ಲಜನಕ ಬೇಡಿಕೆ, ಅಂದರೆ ಅದರಲ್ಲಿನ ಕೊಳೆಯುವ ಪದಾರ್ಥದ ಅಳತೆ, 60 ಕಿಲೋ ಎಂದು ಹಿಡಿಯೋಣ. ಒಂದು ಕಿಲೋ ಬೇಡಿಕೆ ನೀಗಿದರೆ 0.35 ಘನ ಮೀಟರ್ ಮೀಥೇನ್ ಬರುತ್ತದೆ. ನೂರಕ್ಕೆ 80 ಭಾಗ ನೀಗಿದರೂ ಸುಮಾರು 17 ಘನ ಮೀಟರ್ ಮೀಥೇನ್, ಎಂದರೆ ಸುಮಾರು 28 ಘನ ಮೀಟರ್ ಅನಿಲವಾಯಿತು. ಇಷ್ಟೇ ಅನಿಲಕ್ಕೆ ಏಳೆಂಟು ಕ್ವಿಂಟಾಲ್ ಸಗಣಿ ಬೇಕು. ಆದರೆ ಈ ನೀರು ಬಹು ಬೇಗ ಹುಳಿಯಾಗುವುದರಿಂದ ಇದನ್ನೊಂದನ್ನೇ ಗುಂಡಿಗೆ ಸುರಿದರೆ ಗುಂಡಿ ಕೆಡುತ್ತದೆ.

ಮದ್ಯಸಾರ ಕಾರ್ಖಾನೆಗಳಲ್ಲಿ ಒಂದು ಲೀಟರ್ ಮದ್ಯಸಾರಕ್ಕೆ 10ರಿಂದ 15 ಲೀಟರಿನವರೆಗೆ ಕಂದು ಬಣ್ಣದ ಕೊಳೆನೀರು ಬರುತ್ತದೆ. ಅದರಿಂದ ಅನಿಲ ತೆಗೆದು ಬಾಯ್ಲರಿಗೆ ಉರಿಸುವ ಪದ್ಧತಿ ದೇಶದಲ್ಲಿ ಹಲವು ದಶಕಗಳಿಂದ ಬಳಕೆಯಲ್ಲಿದೆ. ಅನಿಲ ತೆಗೆದ ಮೇಲೂ ಅದರಲ್ಲಿನ ಪೊಟ್ಯಾಷ್ ಮತ್ತು ಲವಣ ಹಾಗೆಯೇ ಉಳಿಯುತ್ತವೆ ಎಂಬುದನ್ನು ಗಮನಿಸಿ.

ಮಿಡಿಸೌತೆ ನಮ್ಮ ಜಿಲ್ಲೆಯ ರೈತರಿಗೆ ಪರಿಚಿತ ಬೆಳೆ. ಕೊಳೆತ ಕಾಯಿ, ತೊಟ್ಟು ಮತ್ತು ಸಿಪ್ಪೆ ಅನಿಲಕ್ಕೆ ಒಳ್ಳೆಯವು. ಆದರೆ ಉಪ್ಪುನೀರಿನಲ್ಲಿ ನೆನೆದ ಕಾಯಿ ಮತ್ತು ಆ ಉಪ್ಪುನೀರು ಬೇಡ. ನೂರು ಲೀಟರಿಗೆ 10 ಕಿಲೋ ಉಪ್ಪು ಹಾಕಿದ ನೀರಾದರೆ, 1,000 ಲೀಟರಿನೊಡನೆ ನಿಮ್ಮ ಗುಂಡಿಗೆ ಒಂದು ಕ್ವಿಂಟಾಲ್ ಉಪ್ಪು ಸೇರಿದಂತಾಯಿತು. ಅದು ಸೂಕ್ಷ್ಮಾಣುಗಳನ್ನೂ ಕೊಲ್ಲುತ್ತದೆ, ಮಣ್ಣನ್ನೂ ಕೆಡಿಸುತ್ತದೆ.

ಗುಬ್ಬಿ, ತಿಪಟೂರು ಕಡೆ ರಾಶಿ ಬೀಳುವ ತೆಂಗಿನ ನಾರಿನ ಪುಡಿಯನ್ನು ಅನಿಲದ ಗುಂಡಿಗೆ ಹಾಕುವುದು ವ್ಯರ್ಥ. ಅದರಲ್ಲಿ ಮರದಂತಹ ಗಟ್ಟಿ ಪದಾರ್ಥವಾದ ಲಿಗ್ನಿನ್ ಬಹಳ, ಸಾರಜನಕ ತೀರ ಕಡಿಮೆ. ಅದು ಕೊಳೆಯದೆ ತೇಲಿ ಗಟ್ಟಿ ಪದರ ಕಟ್ಟುತ್ತದೆ. ಅದನ್ನು ಹೊರಗಡೆ ಅಣಬೆ ಬೀಜ ಮತ್ತು ಯೂರಿಯಾ ಬೆರೆಸಿ ಕಾಂಪೋಸ್ಟ್ ಮಾಡುವುದೇ ಸರಿ. ಬಗ್ಗಡವನ್ನು ಹೀರಿಕೊಳ್ಳಲು ಮಾತ್ರ ನಾರಿನ ಪುಡಿ ಬಹಳ ಉಪಯುಕ್ತ.

ಇನ್ನು ಲೋಹಕ್ಕೆ ಲೇಪ ಕೊಡುವ, ಚರ್ಮ ಹದ ಮಾಡುವ, ಬಣ್ಣ ಮತ್ತು ಔಷಧಿ ತಯಾರಿಸುವ ಕಾರ್ಖಾನೆಗಳ ಕೆಸರು ಎಷ್ಟೇ ‘ಸಾವಯವ’ ಎಂದರೂ ನಿಮ್ಮ ಗುಂಡಿಗಾಗಲಿ ಹೊಲಕ್ಕಾಗಲಿ ಬರಕೂಡದು. ಅಪಾಯಕಾರಿ ತ್ಯಾಜ್ಯಗಳ 2016ರ ನಿಯಮಗಳ ಪ್ರಕಾರ ಇಂತಹ ಕೆಸರನ್ನು ದಾಬಸ್‌ಪೇಟೆಯಲ್ಲಿ ಇರುವಂತಹ ಅಧಿಕೃತ ವಿಲೇವಾರಿ ಸ್ಥಳಕ್ಕೇ ಕಳುಹಿಸಬೇಕು. ಸಾಗಣೆ ಮತ್ತು ವಿಲೇವಾರಿಗೆ ಕಾರ್ಖಾನೆಗೆ ಹಣ ಖರ್ಚಾಗುತ್ತದೆ. ರೈತನ ಹೊಲಕ್ಕೆ ಪುಕ್ಕಟೆ ಸುರಿದರೆ ಆ ಖರ್ಚು ಉಳಿಯುತ್ತದೆ. ಪುಕ್ಕಟೆಯ ಹಿಂದಿನ ಲೆಕ್ಕ ಕೆಲವೊಮ್ಮೆ ಇದೇ ಆಗಿರುತ್ತದೆ.

ಹೋಗುವುದೇನು, ಉಳಿಯುವುದೇನು?

ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ: ಅನಿಲವಾಗಿ ಹೊರಟುಹೋಗುವುದು ಮುಖ್ಯವಾಗಿ ಇಂಗಾಲ. ಸಾರಜನಕ, ರಂಜಕ, ಪೊಟ್ಯಾಷ್ ಉಳಿಯುತ್ತವೆ, ಇದು ಲಾಭ. ಉಪ್ಪು, ಕ್ರೋಮಿಯಂ, ಸೀಸ, ನಿಕಲ್, ಕ್ಯಾಡ್ಮಿಯಂ ಸಹ ಉಳಿಯುತ್ತವೆ, ಇದು ನಷ್ಟ. “ಅನಿಲದ ಗುಂಡಿಯಲ್ಲಿ ಕೊಳೆತರೆ ವಿಷವೆಲ್ಲ ಹೋಗುತ್ತದೆ” ಎಂಬ ಮಾತು ಲೋಹಗಳ ವಿಷಯದಲ್ಲಿ ಸುಳ್ಳು.

ಹೋಗದಿರುವುದಷ್ಟೇ ಅಲ್ಲ, ಅವು ಸಾಂದ್ರವಾಗುತ್ತವೆ. ಉದಾಹರಣೆಗೆ, 100 ಕಿಲೋ ಒಣ ತೂಕದ ಕೆಸರಿನಲ್ಲಿ ಕಿಲೋಗೆ 40 ಮಿಲಿಗ್ರಾಂ ಕ್ರೋಮಿಯಂ ಇದೆ ಎಂದುಕೊಳ್ಳಿ. ಒಟ್ಟು 4 ಗ್ರಾಂ ಆಯಿತು. ಗುಂಡಿಯಲ್ಲಿ ಒಣ ಪದಾರ್ಥದ ಅರ್ಧ ಭಾಗ ಅನಿಲವಾದರೆ ಉಳಿಯುವುದು 50 ಕಿಲೋ. ಆದರೆ ಕ್ರೋಮಿಯಂ ಅದೇ 4 ಗ್ರಾಂ. ಈಗ ಅದು ಕಿಲೋಗೆ 80 ಮಿಲಿಗ್ರಾಂ! ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ನಗರ ಕಾಂಪೋಸ್ಟ್ ಗೊಬ್ಬರಕ್ಕೆ ಗೊತ್ತುಪಡಿಸಿದ ಮಿತಿ ಕಿಲೋಗೆ 50 ಮಿಲಿಗ್ರಾಂ. ಗುಂಡಿಗೆ ಹೋಗುವಾಗ ಮಿತಿಯೊಳಗೆ ಇದ್ದದ್ದು ಹೊರಗೆ ಬರುವಾಗ ಮಿತಿಯನ್ನು ಮೀರಿತು. ಆದ್ದರಿಂದ ಕೆಸರಿನ ವರದಿಯೊಂದೇ ಸಾಲದು, ಬಗ್ಗಡದ ವರದಿಯೂ ಬೇಕು.

ಅದೇ ಆದೇಶದಲ್ಲಿ ಒಂದು ಕಿಲೋ ಗೊಬ್ಬರಕ್ಕೆ ನಿಗದಿಯಾದ ಇತರ ಗರಿಷ್ಠ ಮಿತಿಗಳು ಹೀಗಿವೆ: ಕ್ಯಾಡ್ಮಿಯಂ 5, ಆರ್ಸೆನಿಕ್ 10, ನಿಕಲ್ 50, ಸೀಸ 100, ತಾಮ್ರ 300, ಸತು 1,000 ಮತ್ತು ಪಾದರಸ 0.15 ಮಿಲಿಗ್ರಾಂ. ಲವಣಾಂಶದ ಅಳತೆಯಾದ ವಿದ್ಯುತ್ ವಾಹಕತೆ 4ನ್ನು ಮೀರಬಾರದು.

ಮೇಲಿನ ಉದಾಹರಣೆಯ ಗೊಬ್ಬರವನ್ನು ಎಕರೆಗೆ ವರ್ಷಕ್ಕೆ 2 ಟನ್ ಒಣ ತೂಕದಷ್ಟು ಹಾಕಿದರೆ 160 ಗ್ರಾಂ, ಹತ್ತು ವರ್ಷಕ್ಕೆ 1,600 ಗ್ರಾಂ ಕ್ರೋಮಿಯಂ ಸೇರುತ್ತದೆ. ಕೆಲವು ಕಾರ್ಖಾನೆಗಳ ಕೆಸರಿನಲ್ಲಿ ಇದರ ಹತ್ತಾರು ಪಟ್ಟು ಇರುವುದುಂಟು. ಲೋಹ ಆವಿಯಾಗುವುದಿಲ್ಲ, ಕೊಳೆಯುವುದಿಲ್ಲ, ಬಹುಪಾಲು ಮೇಲ್ಮಣ್ಣಿನಲ್ಲಿಯೇ ನಿಲ್ಲುತ್ತದೆ. ಒಮ್ಮೆ ಸೇರಿದ್ದನ್ನು ತೆಗೆಯಲು ರೈತನ ಕೈಯಲ್ಲಿ ಉಪಾಯವಿಲ್ಲ.

ಗುಂಡಿಗೆ ಸೇರಿಸುವ ಕ್ರಮ

ಮೂಲ ಗೊತ್ತಿರುವ, ವರದಿ ಸರಿಯಿರುವ ಡೇರಿ ಅಥವಾ ಹಣ್ಣು-ತರಕಾರಿ ಕೆಸರನ್ನು ಸಗಣಿಯ ಜೊತೆಗೆ ಸೇರಿಸಬಹುದು. ಸಗಣಿಯನ್ನು ಪೂರ್ತಿ ಬಿಟ್ಟು ಕೆಸರನ್ನೇ ನಂಬಬೇಡಿ. ಕ್ರಮ ಹೀಗಿದೆ:

1. ಸಾಮಾನ್ಯವಾಗಿ 50 ಕಿಲೋ ಸಗಣಿಗೆ 50 ಲೀಟರ್ ನೀರು ಕಲಸುತ್ತೀರಿ. ಆ ನೀರಿನಲ್ಲಿ 5 ಲೀಟರ್ ಕಡಿಮೆ ಮಾಡಿ ಅದರ ಬದಲು 5 ಲೀಟರ್ ತೆಳು ಕೆಸರನ್ನು ಸೇರಿಸಿ.

2. ಒಂದು ವಾರ ಅಷ್ಟನ್ನೇ ಹಾಕಿ. ಅನಿಲ ಚೆನ್ನಾಗಿ ನೀಲಿಯಾಗಿ ಉರಿದರೆ ಮುಂದಿನ ವಾರ ಇನ್ನೆರಡು ಲೀಟರ್ ಹೆಚ್ಚಿಸಿ. ಜಿಡ್ಡು ಹೆಚ್ಚಿರುವ ಕೆಸರಾದರೆ 5 ಲೀಟರಿಗಿಂತ ಮುಂದೆ ಹೋಗಬೇಡಿ.

3. ವಾರಕ್ಕೊಮ್ಮೆ ಹೊರಬರುವ ಬಗ್ಗಡದ ರಸಸಾರವನ್ನು ಲಿಟ್ಮಸ್‌ನಂತಹ ಬಣ್ಣದ ಕಾಗದದಿಂದ ನೋಡಿ. 6.8ಕ್ಕಿಂತ ಕಡಿಮೆಯಾದರೆ ಅಥವಾ ಹುಳಿ ವಾಸನೆ ಬಂದು ಉರಿ ನಂದುವಂತಾದರೆ ಕೆಸರನ್ನು ನಿಲ್ಲಿಸಿ. ಕೆಲವು ದಿನ ಸಗಣಿಯನ್ನೂ ಕಡಿಮೆ ಹಾಕಿ. ಅಗತ್ಯವಿದ್ದರೆ ಸುಣ್ಣದ ತಿಳಿಯನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ.

4. ಒಂದು ದಿನ ಹೆಚ್ಚು, ಒಂದು ದಿನ ಇಲ್ಲ ಎಂಬಂತೆ ಹಾಕಬಾರದು. ಹಸುವಿಗೆ ವಾರದ ಮೇವನ್ನು ಒಂದೇ ದಿನ ತಿನ್ನಿಸಿದಂತೆ ಆಗುತ್ತದೆ.

5. ಫಿನಾಯಿಲ್, ಬ್ಲೀಚಿಂಗ್ ಪುಡಿ ಅಥವಾ ಸೋಡಾ ನೀರು ಬೆರೆತ ಕೆಸರು ಬೇಡ. ಕಾರ್ಖಾನೆಯ ಪಾತ್ರೆ ತೊಳೆದ ದಿನದ ಕೆಸರಿನಲ್ಲಿ ಇವು ಬಂದಿರಬಹುದು, ಕೇಳಿ ತಿಳಿಯಿರಿ.

ಬಗ್ಗಡದ ಬಳಕೆ

ಗುಂಡಿಯಿಂದ ಬಂದ ಬಗ್ಗಡದಲ್ಲಿ ಸಾರಜನಕದ ಒಂದು ಭಾಗ ಅಮೋನಿಯಾ ರೂಪದಲ್ಲಿರುತ್ತದೆ. ಬಿಸಿಲಿನಲ್ಲಿ ಹರಡಿ ಒಣಗಿಸಿದರೆ ಅದು ಗಾಳಿಗೆ ಹೋಗುತ್ತದೆ. ಆದ್ದರಿಂದ ಹಸಿಯಾಗಿ ಹಾಕಿ ಮಣ್ಣಿನಲ್ಲಿ ಸೇರಿಸಬೇಕು. ಇಲ್ಲವೇ ರಾಗಿ ಹುಲ್ಲು, ತೆಂಗಿನ ಗರಿಯ ತುಂಡು, ನಾರಿನ ಪುಡಿಗಳ ಪದರದ ಮೇಲೆ ಸುರಿದು ಕಾಂಪೋಸ್ಟ್ ಮಾಡಬೇಕು. ತೆಂಗಿಗಾದರೆ ಬುಡದಿಂದ ಆರಡಿ ದೂರದವರೆಗಿನ ಪಾತಿಯಲ್ಲಿ ಕಾಂಡಕ್ಕೆ ತಾಗದಂತೆ ಹಾಕಿ ಮಣ್ಣು ಮುಚ್ಚಿ. ಮಳೆಯಾಶ್ರಿತ ರಾಗಿಗೆ ಎಕರೆಗೆ ಸುಮಾರು 3 ಟನ್ ಕೊಟ್ಟಿಗೆ ಗೊಬ್ಬರ ಶಿಫಾರಸಾಗಿದೆ. ಅದರ ಒಂದು ಭಾಗವನ್ನು ಈ ಕಾಂಪೋಸ್ಟಿನಿಂದ ತುಂಬಿ, ಬಿತ್ತನೆಗೆ ಎರಡು ಮೂರು ವಾರ ಮೊದಲೇ ಬೆರೆಸಿ. ಹಸಿಯಾಗಿ ತಿನ್ನುವ ಸೊಪ್ಪು, ಗೆಡ್ಡೆ ತರಕಾರಿಗಳಿಗೆ ಕಾರ್ಖಾನೆ ಕೆಸರಿನ ಬಗ್ಗಡವನ್ನು ಬಳಸದಿರುವುದು ಕ್ಷೇಮ.

ಹೊಲಕ್ಕೆ ಹಾಕುವ ಮೊದಲು ಎರಡು ಕುಂಡಗಳಲ್ಲಿ ಪರೀಕ್ಷೆ ಮಾಡಿ. ಒಂದರಲ್ಲಿ ಬರಿ ಮಣ್ಣು, ಇನ್ನೊಂದರಲ್ಲಿ ಬಗ್ಗಡ ಬೆರೆತ ಮಣ್ಣು. ಎರಡರಲ್ಲೂ 20 ಅಲಸಂದೆ ಕಾಳು ಬಿತ್ತಿ ಹತ್ತು ದಿನ ನೋಡಿ. ಬಗ್ಗಡದ ಕುಂಡದಲ್ಲಿ ಮೊಳಕೆ ಕಡಿಮೆ ಬಂದರೆ ಅಥವಾ ಎಲೆಯ ಅಂಚು ಸುಟ್ಟರೆ ಉಪ್ಪು ಅಥವಾ ಹುಳಿ ಹೆಚ್ಚಾಗಿದೆ ಎಂದರ್ಥ. ಆದರೆ ಲೋಹಗಳನ್ನು ಈ ಪರೀಕ್ಷೆ ತೋರಿಸುವುದಿಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು.

ಪ್ರಾಣಕ್ಕೆ ಸಂಬಂಧಿಸಿದ ಮಾತು

ಸಸಾರಜನಕ ಹೆಚ್ಚಿರುವ ಕೆಸರಿನಿಂದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹೆಚ್ಚು ಬರುತ್ತದೆ. ಅಲ್ಪ ಪ್ರಮಾಣದಲ್ಲಿ ಅದು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಮಾಣ ಹೆಚ್ಚಾದಾಗ ಮೂಗಿನ ಗ್ರಹಣ ಶಕ್ತಿಯೇ ಹೋಗುವುದರಿಂದ ವಾಸನೆ ತಿಳಿಯುವುದಿಲ್ಲ. ವಾಸನೆ ಇಲ್ಲವೆಂದು ಗುಂಡಿಗೆ ಇಳಿದವರು ಕೆಲವೇ ಉಸಿರಿನಲ್ಲಿ ಬೀಳುತ್ತಾರೆ, ಎತ್ತಲು ಇಳಿದವರೂ ಬೀಳುತ್ತಾರೆ. ಗುಂಡಿಯನ್ನು ಶುಚಿ ಮಾಡಲು ಯಾವ ಕಾರಣಕ್ಕೂ ಒಳಗೆ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಕೆಸರು ಶೇಖರಿಸಿದ ಮುಚ್ಚಿದ ತೊಟ್ಟಿಗೂ ಇದೇ ಮಾತು ಅನ್ವಯಿಸುತ್ತದೆ. ಕೆಲಸವನ್ನು ಮೇಲಿನಿಂದ ಪಂಪಿನ ಮೂಲಕವೇ ಮಾಡಿಸಬೇಕು.

ಯಾರು ಮಾಡಬೇಕಾದ ಕೆಲಸ?

ಕಾರ್ಖಾನೆಯ ಕೆಸರಿನಿಂದ ಕಾರ್ಖಾನೆಯಲ್ಲಿಯೇ ಅನಿಲ ತೆಗೆದು ಅಲ್ಲಿಯ ಬಾಯ್ಲರಿಗೆ ಬಳಸುವುದು ಎಲ್ಲಕ್ಕಿಂತ ಉತ್ತಮ ಮಾರ್ಗ. ಆಗ ನೀರು ತುಂಬಿದ ರಾಡಿಯನ್ನು ಹಳ್ಳಿಗೆ ಹೊರುವ ಖರ್ಚಿಲ್ಲ, ನಾತವಿಲ್ಲ. ಅಲ್ಲಿ ಉಳಿದ ಬಗ್ಗಡವನ್ನು ಪರೀಕ್ಷೆ ಮಾಡಿಸಿ, ವರದಿಯೊಡನೆ ರೈತನಿಗೆ ಕೊಡಲಿ. ಕೇಂದ್ರ ಸರ್ಕಾರ 2018ರ ಅಕ್ಟೋಬರಿನಲ್ಲಿ ಪ್ರಾರಂಭಿಸಿದ ‘ಸತತ್’ ಯೋಜನೆಯಿಂದ ಇಂತಹ ಅನಿಲವನ್ನು ಶುದ್ಧಿ ಮಾಡಿ, ಒತ್ತಡದಲ್ಲಿ ತುಂಬಿ ವಾಹನಗಳಿಗೆ ಮಾರುವುದಕ್ಕೆ ದಾರಿಯಾಯಿತು. ಇಂದೋರಿನಲ್ಲಿ 2022ರಲ್ಲಿ ಪ್ರಾರಂಭವಾದ ಸ್ಥಾವರ ದಿನಕ್ಕೆ 550 ಟನ್ ನಗರದ ಹಸಿ ಕಸವನ್ನು ಸಂಸ್ಕರಿಸುವ ಸಾಮರ್ಥ್ಯದ್ದು. ಇಂತಹ ಸ್ಥಾವರಗಳ ಗೊಬ್ಬರ ಮಾರಾಟಕ್ಕೆ 2023ರಲ್ಲಿ ಟನ್ನಿಗೆ 1,500 ರೂಪಾಯಿ ನೆರವನ್ನು ಕೇಂದ್ರ ಸರ್ಕಾರ ಮಂಜೂರು ಮಾಡಿತು. ಅಂದರೆ ಮುಂದಿನ ದಿನಗಳಲ್ಲಿ ಇಂತಹ ಗೊಬ್ಬರ ನಿಮ್ಮ ಬಾಗಿಲಿಗೆ ಹೆಚ್ಚು ಹೆಚ್ಚಾಗಿ ಬರಲಿದೆ. ಕೊಳ್ಳುವ ರೈತ ಲೆಕ್ಕ ಬಲ್ಲವನಾಗಿದ್ದರೆ ಒಳ್ಳೆಯ ಮಾಲೇ ಬರುತ್ತದೆ.

ಆದ್ದರಿಂದ ಟ್ರಾಕ್ಟರ್ ಬಂದು ನಿಂತ ದಿನ ಈ ಪ್ರಶ್ನೆಗಳನ್ನು ಕೇಳಿ. ಯಾವ ಕಾರ್ಖಾನೆಯ ಕೆಸರು, ಅಲ್ಲಿ ಏನು ತಯಾರಾಗುತ್ತದೆ? ಲೋಹ ಮತ್ತು ಲವಣಾಂಶದ ವರದಿ ಎಲ್ಲಿ, ಅದರ ದಿನಾಂಕ ಯಾವುದು? ಕೆಸರು ಕೊಡಲು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇದೆಯೇ? ತಂದ ಪ್ರಮಾಣವನ್ನು ಬರೆದು ಸಹಿ ಮಾಡಿ ಕೊಡುತ್ತೀರಾ? ಒಂದಕ್ಕೆ ಉತ್ತರ ತಡವರಿಸಿದರೂ ಗಾಡಿಯನ್ನು ಹಿಂದಕ್ಕೆ ಕಳುಹಿಸಿ. ಸಂದೇಹವಿದ್ದರೆ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನಾಗಲಿ, ಹಿರೇಹಳ್ಳಿ ಅಥವಾ ತಿಪಟೂರಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ವಿಚಾರಿಸಿ. ರಾತ್ರಿ ಹೊತ್ತು ಕೆರೆಯಂಗಳಕ್ಕೋ ಹಳ್ಳಕ್ಕೋ ಕೆಸರು ಸುರಿಯುವುದು ಕಂಡರೆ ಗ್ರಾಮ ಪಂಚಾಯಿತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರಹದ ಮೂಲಕ ತಿಳಿಸಿ.

ಪುರ ಗ್ರಾಮದ ಜನ ತಾವು ಕೊಟ್ಟ ಸಗಣಿಯನ್ನು ತೂಗಿ ಕೊಟ್ಟರು, ಬಗ್ಗಡವನ್ನು ಹಿಂದಕ್ಕೆ ಪಡೆದರು. ಗುಂಡಿಗೆ ಹೋದದ್ದೂ ಗೊತ್ತು, ಬಂದದ್ದೂ ಗೊತ್ತು. ಕಾರ್ಖಾನೆಯ ಕೆಸರಿಗೂ ಇದೇ ಲೆಕ್ಕವಿರಲಿ. ಅನಿಲ ಒಂದು ಗಂಟೆಯಲ್ಲಿ ಉರಿದು ಹೋಗುತ್ತದೆ. ಬಗ್ಗಡದಲ್ಲಿ ಬಂದದ್ದು ನಿಮ್ಮ ಮಕ್ಕಳು ಉಳುವ ಮಣ್ಣಿನಲ್ಲಿ ಇರುತ್ತದೆ.